ಬೆಳ್ಳಿ ಗಣಿಯ ಊರಿನ ತಂಡ: ಪಚೂಕಾ ಹುಟ್ಟಿದ್ದು ಯಾವಾಗ, ಯಾರಿಂದ?

ಪ್ರಶ್ನೆ: ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು. 2024ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಪಚೂಕಾ ತಂಡ ಕತಾರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಆಡಿದ ಫೈನಲ್ ನೋಡುತ್ತಿದ್ದಾಗ, ಆ ಕ್ಲಬ್ಬನ್ನು ಕಟ್ಟಿದವರು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರು ಎಂದು ವಿವರಣೆಗಾರರೊಬ್ಬರು ಹೇಳಿದರು. ನಮ್ಮ ಕೆಜಿಎಫ್‌ಗೂ ಕಾರ್ನ್‌ವಾಲ್‌ನವರು ಬಂದಿದ್ದರು ಎಂದು ತಾತ ಹೇಳುತ್ತಿದ್ದರು. ಎರಡಕ್ಕೂ ಸಂಬಂಧ ಇದೆಯೇ? ಕ್ಲಬ್ ಸ್ಥಾಪನೆಯಾದದ್ದು ಕೆಲವು ಕಡೆ 1892 ಎಂದಿದೆ, ಕೆಲವು ಕಡೆ 1901 ಎಂದಿದೆ. ಯಾವುದು ಸರಿ? ತಾತನ ಕಾಲದ ಒಂದು ಫುಟ್‌ಬಾಲ್ ತಂಡದ ಫೋಟೋ ನಮ್ಮ ಮನೆಯಲ್ಲಿದೆ, ಅದಕ್ಕಾಗಿಯೂ ಕೇಳುತ್ತಿದ್ದೇನೆ.
— ಓದುಗರು, ಬಂಗಾರಪೇಟೆ

ಉತ್ತರ: ಸಂಬಂಧ ಇದೆ, ನೀವು ಊಹಿಸಿರುವುದಕ್ಕಿಂತ ಹತ್ತಿರದ ಸಂಬಂಧ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಇಸವಿಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕೆಂದರೆ ಹೀಗೆ ಹೇಳಬಹುದು: ಆಟ ಶುರುವಾದದ್ದು 1892ರಲ್ಲಿ, ಕ್ಲಬ್ ಎಂಬ ಕಟ್ಟು ಬಂದದ್ದು 1901ರಲ್ಲಿ. ಆದರೆ ಈ ಎರಡು ಇಸವಿಗಳನ್ನು ಮಾತ್ರ ಹಿಡಿದುಕೊಂಡರೆ ಪಚೂಕಾದ ಕಥೆಯ ಮುಕ್ಕಾಲು ಪಾಲು ಕೈತಪ್ಪುತ್ತದೆ. ಆ ಕಥೆ ಚೆಂಡಿನಿಂದ ಶುರುವಾಗುವುದಿಲ್ಲ. ಗಣಿಯೊಳಗೆ ತುಂಬಿಕೊಂಡ ನೀರಿನಿಂದ ಶುರುವಾಗುತ್ತದೆ.

ಪಚೂಕಾ ಇರುವುದು ಮೆಕ್ಸಿಕೊ ನಗರದಿಂದ ಈಶಾನ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಇದಾಲ್ಗೊ ರಾಜ್ಯದ ರಾಜಧಾನಿಯಾಗಿ. ಸಮುದ್ರ ಮಟ್ಟದಿಂದ 2,400 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ನಾನೂರು ಮೀಟರ್ ಮೇಲೆ ಒಂದಿಡೀ ಪಟ್ಟಣ ಇದೆ ಎಂದುಕೊಳ್ಳಿ. ಗಾಳಿ ಅಲ್ಲಿ ಸುಮ್ಮನಿರುವುದೇ ಇಲ್ಲ. 'ಗಾಳಿಯ ಚೆಲುವೆ' ಎಂಬರ್ಥದ ಅಡ್ಡಹೆಸರೇ ಆ ಊರಿಗಿದೆ. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ಗುಡ್ಡ ಹತ್ತಿದರೆ ರೆಯಾಲ್ ದೆಲ್ ಮೊಂತೆ ಎಂಬ ಇನ್ನೊಂದು ಚಿಕ್ಕ ಊರು. ಬೆಳ್ಳಿಯ ಕಥೆಯಲ್ಲೂ ಫುಟ್‌ಬಾಲಿನ ಕಥೆಯಲ್ಲೂ ಈ ಎರಡು ಊರುಗಳನ್ನು ಬೇರೆ ಮಾಡಲಾಗದು.

ಸ್ಪೇನಿನವರಿಗೆ ಇಲ್ಲಿ ಬೆಳ್ಳಿ ಸಿಕ್ಕಿದ್ದು 1552ರಲ್ಲಿ. ಮೂರು ವರ್ಷದೊಳಗೆ ಸೆವಿಲ್ಯದಿಂದ ಬಂದ ಬಾರ್ತೊಲೊಮೆ ದೆ ಮೆದಿನಾ ಎಂಬವನು ಪಚೂಕಾದಲ್ಲೇ ಒಂದು ವಿಧಾನವನ್ನು ರೂಢಿಗೆ ತಂದ. ಪುಡಿ ಮಾಡಿದ ಅದಿರನ್ನು ವಿಶಾಲವಾದ ಅಂಗಳದಲ್ಲಿ ಹರಡಿ, ಉಪ್ಪು ಮತ್ತು ಪಾದರಸ ಬೆರೆಸಿ, ತುಳಿಸಿ, ವಾರಗಟ್ಟಲೆ ಬಿಟ್ಟು ಬೆಳ್ಳಿಯನ್ನು ಬೇರ್ಪಡಿಸುವ ಕ್ರಮ ಅದು. ಸ್ಪೇನಿನ ಆಳ್ವಿಕೆಯ ಅಮೆರಿಕದ ತುಂಬ ಅದು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಹದಿನೆಂಟನೇ ಶತಮಾನದಲ್ಲಿ ರೆಗ್ಲಾದ ಕೌಂಟ್ ಎಂಬ ಬಿರುದು ಪಡೆದ ಪೆದ್ರೊ ರೊಮೆರೊ ದೆ ತೆರೆರೋಸ್ ಈ ಗಣಿಗಳಿಂದಲೇ ಅಪಾರ ಸಿರಿವಂತನಾದ. ಅವನ ಕಾಲದಲ್ಲೇ, 1766ರಲ್ಲಿ, ರೆಯಾಲ್ ದೆಲ್ ಮೊಂತೆಯ ಕೆಲಸಗಾರರು ಗಣಿ ಬಿಟ್ಟು ಮೇಲೆ ಬಂದು ನಿಂತರು. ದಿನದ ಪಾಲಿಗಿಂತ ಹೆಚ್ಚು ಅಗೆದ ಅದಿರಿನಲ್ಲಿ ಕೆಲಸಗಾರನಿಗೂ ಒಂದು ಪಾಲು ಸಲ್ಲುವ ಹಳೆಯ ರೂಢಿಯನ್ನು ಒಡೆಯ ಕಿತ್ತುಕೊಳ್ಳಲು ಹೋದದ್ದೇ ಕಾರಣ. ಅಮೆರಿಕ ಖಂಡದ ಮೊದಮೊದಲ ಕಾರ್ಮಿಕ ಮುಷ್ಕರಗಳಲ್ಲಿ ಅದನ್ನು ಎಣಿಸುತ್ತಾರೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಫುಟ್‌ಬಾಲನ್ನು ತಂದವರು ಬರುವ ಎಷ್ಟೋ ಮೊದಲೇ ಆ ನೆಲದಲ್ಲಿ ತಮ್ಮ ಹಕ್ಕು ತಿಳಿದ ಗಣಿಗಾರರಿದ್ದರು. ಕ್ಲಬ್ಬಿನ ಕಥೆ ಹೇಳುವವರು ಇವರನ್ನು ದಾಟಿಕೊಂಡು ನೇರ ಇಂಗ್ಲಿಷರ ಬಳಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

1810ರಲ್ಲಿ ಸ್ವಾತಂತ್ರ್ಯ ಸಮರ ಶುರುವಾಯಿತು. ಹನ್ನೊಂದು ವರ್ಷ ನಡೆದ ಆ ಗದ್ದಲದಲ್ಲಿ ಗಣಿಗಳನ್ನು ನೋಡುವವರಿಲ್ಲದೆ ನೀರು ತುಂಬಿಕೊಂಡಿತು. ಆಳದ ಗಣಿಗೆ ನೀರೇ ಶತ್ರು. ಒಂದು ವರ್ಷ ಎತ್ತದೆ ಬಿಟ್ಟರೆ ಹತ್ತು ವರ್ಷದ ಅಗೆತ ಮುಳುಗುತ್ತದೆ. ಕುದುರೆ, ಹೇಸರಗತ್ತೆಗಳನ್ನು ಕಟ್ಟಿ ತಿರುಗಿಸುವ ರಾಟೆಗಳಿಂದ ಆ ನೀರನ್ನು ಹೊರಹಾಕುವುದು ಆಗದ ಮಾತಾಗಿತ್ತು. ಆಗ ಜಗತ್ತಿನಲ್ಲಿ ಆಳದ ಗಣಿಯ ನೀರೆತ್ತುವ ಉಗಿಯಂತ್ರಗಳನ್ನು ಚೆನ್ನಾಗಿ ಬಲ್ಲವರು ಕಾರ್ನ್‌ವಾಲ್‌ನವರು. ತವರ ಮತ್ತು ತಾಮ್ರದ ಗಣಿಗಳಲ್ಲಿ, ಸಮುದ್ರದ ಪಕ್ಕದಲ್ಲೇ ಅಗೆಯುತ್ತ, ನೀರಿನ ಜತೆ ತಲೆಮಾರುಗಳಿಂದ ಹೆಣಗಿದ ಜನ ಅವರು.

1824ರಲ್ಲಿ ಲಂಡನ್ನಿನಲ್ಲಿ ರೆಯಾಲ್ ದೆಲ್ ಮೊಂತೆ ಗಣಿಗಳಿಗಾಗಿ ಒಂದು ಕಂಪನಿ ಕಟ್ಟಿದರು. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಜಾನ್ ಟೇಲರ್ ಎಂಬ ಗಣಿ ಎಂಜಿನಿಯರ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಮಾರನೆಯ ವರ್ಷ ಯಂತ್ರಗಳನ್ನು ಹೊತ್ತ ಹಡಗುಗಳು ಹೊರಟವು. ಒಟ್ಟು ಸುಮಾರು 1,500 ಟನ್ ಸಾಮಾನು: ಬಾಯ್ಲರುಗಳು, ಎರಕದ ಸಿಲಿಂಡರುಗಳು, ಪಂಪಿನ ಕೊಳವೆಗಳು. ವೆರಾಕ್ರೂಸ್ ಬಂದರಿನ ಎದುರಿನ ಕೋಟೆ ಆಗಿನ್ನೂ ಸ್ಪೇನಿನ ಸೈನಿಕರ ಕೈಯಲ್ಲಿತ್ತು, ಹಾಗಾಗಿ ಬಂದರಿನಲ್ಲಿ ಇಳಿಸುವಂತಿಲ್ಲ. ಪಕ್ಕದ ಮೊಕಾಂಬೊ ಎಂಬ ಬರಿಯ ಮರಳ ದಂಡೆಯಲ್ಲಿ ಇಳಿಸಬೇಕಾಯಿತು. ಹಳದಿ ಜ್ವರದ ಕಾಲ ಬೇರೆ. ಬಂದವರಲ್ಲಿ ಎಷ್ಟೋ ಮಂದಿ ಆ ದಂಡೆಯ ಮೇಲೆಯೇ ಸತ್ತರು, ಅವರೊಡನೆ ದುಡಿಯುತ್ತಿದ್ದ ಸ್ಥಳೀಯ ಕೂಲಿಗಳೂ ಸತ್ತರು. ಉಳಿದವರು ಗುಡ್ಡದ ಮೇಲಿನ ಹಲಾಪಾ ಊರಿಗೆ ಹೋಗಿ ಜ್ವರದ ಕಾಲ ಕಳೆಯುವವರೆಗೆ ಕಾದು, ಮತ್ತೆ ಇಳಿದು ಬಂದು ಸಾಮಾನನ್ನು ಹೇಸರಗತ್ತೆ, ಬಂಡಿಗಳ ಮೇಲೆ ಹೇರಿದರು. ರಸ್ತೆ ಇಲ್ಲದಲ್ಲಿ ರಸ್ತೆ ಕಡಿದರು. ಸಮುದ್ರ ಮಟ್ಟದಿಂದ 2,700 ಮೀಟರ್ ಎತ್ತರದ ರೆಯಾಲ್ ದೆಲ್ ಮೊಂತೆಗೆ ಯಂತ್ರಗಳು ತಲುಪುವಾಗ 1826ರ ಮೇ ತಿಂಗಳು. ಕರಾವಳಿಯಿಂದ ಗಣಿಯ ಬಾಯಿಗೆ ಹೆಚ್ಚುಕಡಿಮೆ ಒಂದು ವರ್ಷದ ದಾರಿ! ಕಬ್ಬಿಣದ ಬಾಯ್ಲರನ್ನು ಚಾರ್ಮಾಡಿ ಘಾಟಿಯಲ್ಲಿ ಎತ್ತಿನ ಗಾಡಿಯ ಮೇಲೆ ಹತ್ತಿಸುವುದನ್ನು ಕಲ್ಪಿಸಿಕೊಂಡರೆ ಆ ಶ್ರಮದ ಅಂದಾಜು ನಿಮಗೆ ಸಿಕ್ಕೀತು.

ಕಂಪನಿಗೆ ಲಾಭ ದಕ್ಕಲಿಲ್ಲ. ಸುಮಾರು ಕಾಲು ಶತಮಾನ ನಷ್ಟದಲ್ಲಿ ನಡೆಸಿ, 1849ರ ಹೊತ್ತಿಗೆ ಮೆಕ್ಸಿಕೊದವರ ಕಂಪನಿಗೆ ಒಪ್ಪಿಸಿ ಕೈತೊಳೆದುಕೊಂಡರು. ಅಚ್ಚರಿಯೆಂದರೆ ಆಮೇಲೆ ಗಣಿಯಲ್ಲಿ ಒಳ್ಳೆಯ ಅದಿರು ಸಿಕ್ಕಿ ಹೊಸ ಒಡೆಯರು ಗೆದ್ದರು. ಆದರೆ ಒಡೆಯರು ಬದಲಾದರೂ ಯಂತ್ರ ನಡೆಸುವ ಕೈಗಳು ಬೇಕಲ್ಲ? ಕಾರ್ನಿಷ್ ಕುಟುಂಬಗಳು ಅಲ್ಲೇ ಉಳಿದವು. ಊರಿನಿಂದ ಅಣ್ಣತಮ್ಮಂದಿರನ್ನು, ಸೋದರಳಿಯಂದಿರನ್ನು ಕರೆಸಿಕೊಂಡವು. ಮೆಥಡಿಸ್ಟ್ ಚರ್ಚು ಕಟ್ಟಿದರು, ಮಕ್ಕಳಿಗೆ ಶಾಲೆ ತೆರೆದರು. ರೆಯಾಲ್ ದೆಲ್ ಮೊಂತೆಯ ಗುಡ್ಡದ ಮೇಲೆ, ಮರಗಳ ನಡುವೆ ಅವರದೇ ಸ್ಮಶಾನ ಇದೆ. ಗೋರಿಗಳು ಇಂಗ್ಲೆಂಡಿನ ದಿಕ್ಕಿಗೆ ಮುಖ ಮಾಡಿವೆ ಎಂದು ಊರವರು ತೋರಿಸುತ್ತಾರೆ.

ಇನ್ನೊಂದು ಗುರುತು ತಿನ್ನುವುದು. 'ಪಾಸ್ತೆ' ಎಂದು ಅದರ ಹೆಸರು, ಕಾರ್ನ್‌ವಾಲ್‌ನ 'ಪೇಸ್ಟಿ' ಸ್ಪ್ಯಾನಿಷ್ ನಾಲಿಗೆಯಲ್ಲಿ ಹೀಗಾಗಿದೆ. ನಮ್ಮ ಕರ್ಜಿಕಾಯಿಯನ್ನು ಅಂಗೈಯಷ್ಟು ದೊಡ್ಡದು ಮಾಡಿ, ಸಿಹಿಯ ಬದಲು ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ, ಎಣ್ಣೆಯಲ್ಲಿ ಕರಿಯುವ ಬದಲು ಒಲೆಯಲ್ಲಿ ಬೇಯಿಸಿದರೆ ಹೆಚ್ಚುಕಡಿಮೆ ಅದೇ. ಅಂಚನ್ನು ಜಡೆ ಹೆಣೆದಂತೆ ದಪ್ಪವಾಗಿ ಮಡಿಸಿರುತ್ತಾರೆ. ಗಣಿಯೊಳಗೆ ಕೈ ತೊಳೆಯಲು ನೀರಿಲ್ಲ, ಮಣ್ಣಾದ ಬೆರಳುಗಳಿಂದ ಆ ಜಡೆಯನ್ನಷ್ಟೇ ಹಿಡಿದು ತಿಂದು, ಕೊನೆಗೆ ಅದನ್ನು ಎಸೆಯಲಿ ಎಂದು ಹಾಗೆ ಮಾಡುತ್ತಿದ್ದರೆಂದು ಅಲ್ಲಿನವರು ವಿವರಿಸುತ್ತಾರೆ. ಈಗ ಅದರೊಳಗೆ ಹಸಿಮೆಣಸಿನಕಾಯಿ ಬಂದಿದೆ, ಹುರುಳಿಯಂಥ ಕಾಳುಗಳ ಪಲ್ಯ ಬಂದಿದೆ, ಮೆಕ್ಸಿಕೊದ ಮೊಲೆ ಎಂಬ ಮಸಾಲೆ ಗೊಜ್ಜು ಬಂದಿದೆ. ಕಾರ್ನ್‌ವಾಲ್‌ನಿಂದ ಬಂದ ಹಿಟ್ಟಿನ ಮಡಿಕೆ, ಮೆಕ್ಸಿಕೊದ ಹೂರಣ. ಫುಟ್‌ಬಾಲಿಗೂ ಮುಂದೆ ಇದೇ ಆಯಿತು.

ಈಗ ಆಟಕ್ಕೆ ಬರೋಣ. 1825ರಲ್ಲಿ ಬಂದವರು ಫುಟ್‌ಬಾಲ್ ತಂದರು ಎಂದು ಯಾರಾದರೂ ಬರೆದಿದ್ದರೆ ನಂಬಬೇಡಿ. ಇಂದಿನ ಫುಟ್‌ಬಾಲಿನ ನಿಯಮಗಳು ಇಂಗ್ಲೆಂಡಿನಲ್ಲಿ ಬರಹಕ್ಕೆ ಇಳಿದದ್ದೇ 1863ರಲ್ಲಿ. ಹಳೆಯ ಕುಟುಂಬಗಳ ಆಟ ಏನಿದ್ದರೂ ಕ್ರಿಕೆಟ್. ಚೆಂಡನ್ನು ತಂದವರು ಶತಮಾನದ ಕೊನೆಯಲ್ಲಿ ಬಂದ ತರುಣರು, ತವರಿನಲ್ಲಿ ಹೊಸ ಆಟವನ್ನು ಆಡಿ ಬೆಳೆದವರು. 1892ರಲ್ಲಿ ಪಚೂಕಾದಲ್ಲಿ ಹೀಗೆ ಒಂದು ತಂಡ ಕೂಡಿತು ಎಂಬುದೇ ಆ ಇಸವಿಯ ಮಹತ್ವ. ಸಂಜೆ ಪಾಳಿ ಮುಗಿಸಿ, ಗಣಿ ಕಂಪನಿಯ ಅಂಗಳದಲ್ಲೋ ಬಯಲಿನಲ್ಲೋ ತಮ್ಮತಮ್ಮಲ್ಲೇ ಆಡುವ ಗುಂಪು. ಎದುರಾಳಿ ಎಂದರೆ ಇನ್ನೊಂದು ಗಣಿಯ ಇಂಗ್ಲಿಷರು. ಲೀಗ್ ಇಲ್ಲ, ಕಪ್ ಇಲ್ಲ. ರೆಯಾಲ್ ದೆಲ್ ಮೊಂತೆಯವರಂತೂ ದೇಶದ ಮೊದಲ ಪಂದ್ಯ ನಡೆದದ್ದು ತಮ್ಮ ದೊಲೋರೆಸ್ ಗಣಿಯ ಅಂಗಳದಲ್ಲಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹತ್ತು ಕಿಲೋಮೀಟರಿನ ಅಂತರದ ಎರಡು ಊರುಗಳ ನಡುವಿನ ಈ ಜಗಳಕ್ಕೆ ನಾನು ತೀರ್ಪು ಕೊಡುವುದಿಲ್ಲ. ಆಡಿದವರು ಅದೇ ಜನ, ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ.

ಆ ಫುಟ್‌ಬಾಲ್ ಗುಂಪು, ಪಚೂಕಾದ ಕ್ರಿಕೆಟ್ ಕ್ಲಬ್, ಹತ್ತಿರದ ವೆಲಾಸ್ಕೊದ ಕ್ರಿಕೆಟ್ ಕ್ಲಬ್ ಮೂರೂ ಕೂಡಿ ಪಚೂಕಾ ಅಥ್ಲೆಟಿಕ್ ಕ್ಲಬ್ ಆಯಿತು. ಅದು ವಿಧಿವತ್ತಾಗಿ ಸ್ಥಾಪನೆಯಾದ ದಿನವೆಂದು ಬಹುಕಾಲದಿಂದ ಹೇಳಿಕೊಂಡು ಬಂದಿರುವುದು 1901ರ ನವೆಂಬರ್ 28. ಮುಂದಿನ ವರ್ಷವೇ, 1902ರಲ್ಲಿ, ಮೆಕ್ಸಿಕೊದ ಮೊದಲ ಲೀಗ್ ಶುರುವಾಯಿತು. ಐದು ತಂಡಗಳು: ಪಚೂಕಾ, ಒರಿಸಾಬಾ, ಮತ್ತು ರಾಜಧಾನಿಯ ರಿಫಾರ್ಮಾ, ಬ್ರಿಟಿಷ್ ಕ್ಲಬ್, ಮೆಕ್ಸಿಕೊ ಕ್ರಿಕೆಟ್ ಕ್ಲಬ್. ಹೆಸರುಗಳೇ ಹೇಳುತ್ತವೆ ಇದು ಯಾರ ಲೀಗ್ ಎಂದು. ಮೊದಲ ಋತು ಗೆದ್ದದ್ದು ಒರಿಸಾಬಾ. ಅದು ಸೆಣಬಿನ ಗಿರಣಿಯ ಸ್ಕಾಟಿಷ್ ಕೆಲಸಗಾರರ ತಂಡ. ಪಚೂಕಾ ಮೊದಲ ಸಲ ಗೆದ್ದದ್ದು 1904–05ರಲ್ಲಿ.

ಲೀಗ್‌ಗೆ ಹೆಸರು ಕೊಡಲು, ಪಂದ್ಯದ ದಿನ ರೈಲಿನಲ್ಲಿ ಬೇರೆ ಊರಿಗೆ ಹೋಗಲು, ಎದುರಾಳಿಯನ್ನು ತಮ್ಮ ಮೈದಾನಕ್ಕೆ ಕರೆಯಲು ಸಂಘ ಬೇಕು, ಪದಾಧಿಕಾರಿಗಳು ಬೇಕು, ಹಣದ ಲೆಕ್ಕ ಬೇಕು. 1901 ಎಂಬ ಇಸವಿ ಇದನ್ನು ಹೇಳುತ್ತದೆ. ಯಾರಾದರೂ ನನ್ನನ್ನು ಪೀಡಿಸಿ ಕೇಳಿದರೆ, ಕ್ಲಬ್ಬಿನ ಹುಟ್ಟು ಎಂಬುದಕ್ಕೆ 1901 ಸರಿ ಎನ್ನುತ್ತೇನೆ. 1892ನ್ನು ಮುಂದೆ ಮಾಡುವವರಿಗೆ 'ಮೆಕ್ಸಿಕೊದ ಮೊದಲ ತಂಡ' ಎಂಬ ಗೌರವ ಕೈಯಲ್ಲಿ ಉಳಿಯಬೇಕೆಂಬ ಆಸೆ ಇದೆ, ಅದು ತಪ್ಪೂ ಅಲ್ಲ. ಒರಿಸಾಬಾದವರು 1898ನ್ನು ತಮ್ಮ ಇಸವಿ ಎನ್ನುವಾಗ ಪಚೂಕಾದವರು 1901 ಎಂದು ಹೇಳಿ ಸುಮ್ಮನಿರಲು ಸಾಧ್ಯವೇ?

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ನೀವು ಕೇಳಿದ ವಿವರಣೆಗಾರರು 'ಗಣಿ ಕೆಲಸಗಾರರು ಕಟ್ಟಿದ ಕ್ಲಬ್' ಎಂದರು. ಕಿವಿಗೆ ಚೆನ್ನಾಗಿದೆ, ಪೂರ್ತಿ ಸರಿಯಿಲ್ಲ. ಕಾರ್ನಿಷ್ ಜನ ಅಲ್ಲಿ ಮೇಸ್ತ್ರಿಗಳು, ಯಂತ್ರ ನಡೆಸುವವರು, ಮೇಲ್ವಿಚಾರಕರು. ಅವರ ಸಂಬಳ ಮೆಕ್ಸಿಕೊದವರ ಕೂಲಿಗಿಂತ ಎಷ್ಟೋ ಹೆಚ್ಚು. ಸುರಂಗದ ತುದಿಯಲ್ಲಿ ಬೆನ್ನ ಮೇಲೆ ಅದಿರು ಹೊತ್ತು ಏಣಿ ಹತ್ತುತ್ತಿದ್ದವರು ಮೆಕ್ಸಿಕೊದ ಗಣಿಗಾರರು. ಮೊದಲ ವರ್ಷಗಳಲ್ಲಿ ಅವರು ಮೈದಾನದ ಗೆರೆಯಾಚೆ ನಿಂತು ನೋಡಿದವರು. ಅವರು ಗೆರೆ ದಾಟಿ ಒಳಗೆ ಬಂದಾಗಲೇ ಪಚೂಕಾ ನಿಜವಾದ ಅರ್ಥದಲ್ಲಿ ಮೆಕ್ಸಿಕೊದ ಕ್ಲಬ್ ಆಯಿತು ಎಂದು ನಾನು ನಂಬಿದ್ದೇನೆ. ಅದಕ್ಕೂ ಒಂದು ಇಸವಿ ಇದೆ, 1908. ಆ ವರ್ಷ ದಾವಿದ್ ಇಸ್ಲಾಸ್ ಎಂಬ ಮೆಕ್ಸಿಕನ್ ಆಟಗಾರ ಪಚೂಕಾ ತಂಡದಲ್ಲಿ ಆಡಿದ. ಹುಟ್ಟಿದ ವರ್ಷದ ಬಗ್ಗೆ ಇಷ್ಟು ವಾದ ಮಾಡುವವರು ಈ ವರ್ಷವನ್ನು ಯಾಕೆ ಹಬ್ಬದಂತೆ ಆಚರಿಸುವುದಿಲ್ಲವೋ ನನಗೆ ತಿಳಿಯದು.

ಮುಂದಿನ ಬದಲಾವಣೆಯನ್ನು ಯುದ್ಧಗಳು ತಂದವು. 1910ರಲ್ಲಿ ಮೆಕ್ಸಿಕೊದ ಕ್ರಾಂತಿ, 1914ರಲ್ಲಿ ಮೊದಲ ಮಹಾಯುದ್ಧ. ಬ್ರಿಟಿಷ್ ತರುಣರು ಸೈನ್ಯ ಸೇರಲು ಹಿಂತಿರುಗಿದರು, ಇಂಗ್ಲಿಷರ ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಚೂಕಾ ಉಳಿದದ್ದು ಖಾಲಿಯಾದ ಜಾಗಗಳಿಗೆ ಊರಿನ ಹುಡುಗರು ಬಂದದ್ದರಿಂದ. ಆ ಕಾಲದಲ್ಲಿ ರಾಜಧಾನಿಯ ಸ್ಪ್ಯಾನಿಷ್ ವಲಸಿಗರ ಕ್ಲಬ್ ಎಸ್ಪಾನ್ಯಾ ವರ್ಷ ವರ್ಷವೂ ಲೀಗ್ ಗೆಲ್ಲುತ್ತಿತ್ತು. 1917–18ರಲ್ಲಿ ಮತ್ತು 1919–20ರಲ್ಲಿ ಆ ಸರಣಿಯನ್ನು ಮುರಿದದ್ದು ಈ ಮಿಶ್ರ ತಂಡ. ಅದರಲ್ಲಿದ್ದ ಆಲ್ಫ್ರೆಡ್ ಕ್ರೌಲ್ ಎಂಬ ಕಾರ್ನಿಷ್ ಆಟಗಾರನನ್ನು ಮೆಕ್ಸಿಕೊ ಇಂದಿಗೂ ನೆನೆಯುತ್ತದೆ. ಚೆಂಡನ್ನು ಆಕಾಶಕ್ಕೆ ಒದ್ದು ಹಿಂದೆ ಓಡುವ ಇಂಗ್ಲಿಷ್ ಆಟದ ಬದಲು, ನೆಲದ ಮೇಲೆ ಹತ್ತಿರದವನಿಗೆ ಕೊಟ್ಟು ಮುಂದೆ ಸಾಗುವುದನ್ನು ಅವನು ಕಲಿಸಿದ ಎನ್ನುತ್ತಾರೆ. 2,400 ಮೀಟರ್ ಎತ್ತರದಲ್ಲಿ ಉಸಿರು ಬೇಗ ಸೋಲುತ್ತದೆ, ಗಾಳಿಯೋ ಮೇಲೆದ್ದ ಚೆಂಡನ್ನು ಎತ್ತಲೋ ಒಯ್ಯುತ್ತದೆ. ಅಂಥಲ್ಲಿ ಚೆಂಡನ್ನು ನೆಲದಲ್ಲಿ ಇಡುವುದೇ ಬುದ್ಧಿವಂತಿಕೆ. ಆತ ಮುಂದೆ ಆಲ್ಫ್ರೆದೊ ಎಂದು ಕರೆಸಿಕೊಂಡು ನೆಕಾಕ್ಸಾ ಕ್ಲಬ್ಬಿಗೆ ತರಬೇತಿ ಕೊಟ್ಟ. 1935ರಲ್ಲಿ ಮೆಕ್ಸಿಕೊ ರಾಷ್ಟ್ರೀಯ ತಂಡ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ತರಬೇತುದಾರನೂ ಅವನೇ.

ಇಷ್ಟಾದ ಮೇಲೆ ಕ್ಲಬ್ ನಿಂತುಹೋಯಿತು. ಇದನ್ನು ಬಹಳ ಮಂದಿ ಹೇಳುವುದಿಲ್ಲ. 1920ರ ದಶಕದ ಆರಂಭದಲ್ಲಿ ಒಳ್ಳೆಯ ಆಟಗಾರರು ಕೆಲಸ ಹುಡುಕಿಕೊಂಡು ರಾಜಧಾನಿಗೆ ಹೋದರು, ತಂಡ ಚದುರಿತು. 1943ರಲ್ಲಿ ಮೆಕ್ಸಿಕೊದಲ್ಲಿ ವೃತ್ತಿಪರ ಲೀಗ್ ಶುರುವಾದಾಗ ಅದರಲ್ಲಿ ಪಚೂಕಾ ಎಂಬ ಹೆಸರೇ ಇರಲಿಲ್ಲ. ಮತ್ತೆ ಆ ಹೆಸರು ಕಾಣಿಸಿಕೊಂಡದ್ದು 1950ರಲ್ಲಿ, ಎರಡನೇ ದರ್ಜೆಯ ಲೀಗ್ ಏಳು ತಂಡಗಳೊಂದಿಗೆ ಆರಂಭವಾದಾಗ. ಹಾಗಾಗಿ ಕಾಗದಪತ್ರದ ಲೆಕ್ಕದಲ್ಲಿ ಇಂದಿನ ಕ್ಲಬ್ಬಿಗೆ ಮೂರನೆಯ ಇಸವಿಯೊಂದು ಇದೆ ಎಂದು ವಾದಿಸಬಹುದು. ನಾನು ಹಾಗೆ ವಾದಿಸುವುದಿಲ್ಲ. ನಡುವೆ ಮೂವತ್ತು ವರ್ಷ ತೇರು ನಿಂತಿತ್ತೆಂದು ಜಾತ್ರೆ ಬೇರೆಯಾಗುವುದಿಲ್ಲ. ಊರು ಅದೇ, ಗಣಿಯೂ ಅದೇ, ತಾತ ಮೈದಾನದಲ್ಲಿ ಕಂಡದ್ದನ್ನು ಮೊಮ್ಮಗನಿಗೆ ಹೇಳಿದ ಮನೆಗಳೂ ಅವೇ. ಆದರೆ '1892ರಿಂದ ಒಂದು ದಿನವೂ ಬಿಡದೆ ನಡೆದ ಕ್ಲಬ್' ಎಂದು ಎಲ್ಲಾದರೂ ಓದಿದರೆ ಅದು ಸುಳ್ಳು ಎಂದು ತಿಳಿಯಿರಿ.

ಆ ಮೇಲಿನ ದಶಕಗಳು ಏಳುಬೀಳಿನವು, ಬೇಗ ಹೇಳಿ ಮುಗಿಸುತ್ತೇನೆ. 1967ರಲ್ಲಿ ಮೊದಲ ದರ್ಜೆಗೆ ಏರಿತು, 1973ರಲ್ಲಿ ಬಿತ್ತು. 1992ರಲ್ಲಿ ಏರಿ ಮರುವರ್ಷ ಬಿತ್ತು, 1996ರಲ್ಲಿ ಏರಿ ಮತ್ತೆ ಮರುವರ್ಷ ಬಿತ್ತು. ನಡುವೆ 1995ರಲ್ಲಿ ಹೆಸೂಸ್ ಮಾರ್ತಿನೆಸ್ ಮುಂದಾಳತ್ವದ ಗುಂಪು ಕ್ಲಬ್ಬಿನ ಹೊಣೆ ಹೊತ್ತಿತು. 1998ರಲ್ಲಿ ಏರಿದ ಮೇಲೆ ಮಾತ್ರ ಇಂದಿನವರೆಗೆ ಬಿದ್ದಿಲ್ಲ.

1999ರ ಡಿಸೆಂಬರ್‌ನ ಫೈನಲ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಹಾವಿಯೆರ್ ಅಗಿರ್ರೆ ತರಬೇತುದಾರ. ಎದುರಾಳಿ ಕ್ರೂಸ್ ಅಸುಲ್. ಆ ಕ್ಲಬ್ ರಾಜಧಾನಿಯಲ್ಲಿ ಬೀಡುಬಿಟ್ಟಿದ್ದರೂ ಹುಟ್ಟಿದ್ದು ಇದೇ ಇದಾಲ್ಗೊ ರಾಜ್ಯದ ಹಾಸೊ ಎಂಬಲ್ಲಿ, 1927ರಲ್ಲಿ, ಸಿಮೆಂಟ್ ಕಾರ್ಖಾನೆಯ ಕಾರ್ಮಿಕರ ತಂಡವಾಗಿ. ಬೆಳ್ಳಿಯ ಊರು ಮತ್ತು ಸಿಮೆಂಟಿನ ಊರು ಪ್ರಶಸ್ತಿಗಾಗಿ ಎದುರಾದವು ಎನ್ನಬಹುದು. ಪಚೂಕಾದಲ್ಲಿ ನಡೆದ ಮೊದಲ ಪಂದ್ಯ 2–2. ಕ್ರೂಸ್ ಅಸುಲ್ ಮೈದಾನದಲ್ಲಿ ನಡೆದ ಎರಡನೆಯದು ನಿಗದಿತ ಅವಧಿಯಲ್ಲಿ ಗೋಲಿಲ್ಲದೆ ಮುಗಿಯಿತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ನಿಯಮ ಆಗಿತ್ತು. ಅಲೆಹಾಂದ್ರೊ ಗ್ಲಾರಿಯಾ ಚೆಂಡನ್ನು ಬಲೆಗೆ ತಳ್ಳಿದ. ಪಂದ್ಯ ಅಲ್ಲಿಗೇ ಮುಗಿಯಿತು. ಲೀಗ್ ಪ್ರಶಸ್ತಿಯೊಂದು ಪಚೂಕಾಕ್ಕೆ ಬಂದು ಎಂಬತ್ತು ವರ್ಷವಾಗುತ್ತ ಬಂದಿತ್ತು.

ಅಲ್ಲಿಂದ 2022ರವರೆಗೆ ವೃತ್ತಿಪರ ಲೀಗ್‌ನ ಏಳು ಪ್ರಶಸ್ತಿಗಳು, ಉತ್ತರ ಮತ್ತು ಮಧ್ಯ ಅಮೆರಿಕದ ಕ್ಲಬ್ ಚಾಂಪಿಯನ್ ಪಟ್ಟ ಆರು ಸಲ. ಕೊನೆಯದು 2024ರ ಜೂನ್‌ನಲ್ಲಿ, ಅಮೆರಿಕದ ಕೊಲಂಬಸ್ ತಂಡದ ಎದುರು 3–0. ನೀವು ನೋಡಿದ ಕತಾರ್ ಫೈನಲ್‌ಗೆ ದಾರಿ ಮಾಡಿದ್ದು ಅದೇ ಗೆಲುವು. ಆ ಫೈನಲ್ 0–3 ಸೋಲಾದರೂ, ಅದಕ್ಕೆ ಮೊದಲು ಬ್ರೆಜಿಲ್‌ನ ಬೊಟಾಫೊಗೊವನ್ನು 3–0 ಅಂತರದಿಂದ ಮಣಿಸಿ, ಈಜಿಪ್ಟಿನ ಅಲ್ ಅಹ್ಲಿಯನ್ನು ಪೆನಾಲ್ಟಿಯಲ್ಲಿ ದಾಟಿ ಬಂದಿತ್ತು. ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡದು 2006ರ ಕೋಪಾ ಸುದಾಮೆರಿಕಾನಾ. ದಕ್ಷಿಣ ಅಮೆರಿಕದವರ ಪಂದ್ಯಾವಳಿ ಅದು, ಪಚೂಕಾ ಅತಿಥಿ. ಫೈನಲ್‌ನ ಮೊದಲ ಪಂದ್ಯ ತವರಿನಲ್ಲಿ 1–1. ಚಿಲಿಯ ಸಾಂತಿಯಾಗೊದಲ್ಲಿ ಕೊಲೊ ಕೊಲೊ ಮೊದಲು ಗೋಲು ಹೊಡೆಯಿತು. ವಿರಾಮದ ನಂತರ ಗಾಬ್ರಿಯೆಲ್ ಕಬಾಯೆರೊ ಸಮ ಮಾಡಿದ, ಕ್ರಿಸ್ತಿಯಾನ್ ಹಿಮೆನೆಸ್ ಗೆಲುವಿನ ಗೋಲು ಹೊಡೆದ. ದಕ್ಷಿಣ ಅಮೆರಿಕದ ಕ್ಲಬ್ ಕಪ್ಪನ್ನು ಮನೆಗೆ ತಂದ ಮೆಕ್ಸಿಕೊದ ಕ್ಲಬ್ ಇಂದಿಗೂ ಅದೊಂದೇ.

ಆ ತಂಡದ ಗೋಲ್‌ಕೀಪರ್ ಕೊಲಂಬಿಯಾದ ಮಿಗೆಲ್ ಕಾಲೆರೊ. ಹೊರಗಿನಿಂದ ಬಂದು ಊರಿನವನಾಗುವ ಪಚೂಕಾದ ಹಳೆಯ ಪದ್ಧತಿಗೆ ಅವನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2012ರ ಡಿಸೆಂಬರ್‌ನಲ್ಲಿ, ಇನ್ನೂ ನಲವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡ. ಕ್ಲಬ್ ಅವನ ಒಂದನೇ ಸಂಖ್ಯೆಯ ಅಂಗಿಯನ್ನು ಅವನಿಗೇ ಬಿಟ್ಟುಕೊಟ್ಟಿತು.

ತಂಡವನ್ನು ಅಲ್ಲಿನವರು ಕರೆಯುವುದು 'ತೂಸೋಸ್' ಎಂದು. ತೂಸಾ ಎಂದರೆ ನೆಲದೊಳಗೆ ಉದ್ದುದ್ದ ಬಿಲ ಕೊರೆದುಕೊಂಡು ಬಾಳುವ, ನಮ್ಮ ಹೆಗ್ಗಣದಷ್ಟಿರುವ ಪ್ರಾಣಿ. ಗಣಿಗಾರನಿಗೆ ಆ ಹೆಸರು ಹೇಗೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಗಮನಿಸಿ, ಅದು ಮೇಲೆ ನಿಂತು ಯಂತ್ರ ನಡೆಸುವವನ ಹೆಸರಲ್ಲ, ಕೆಳಗೆ ಹೋಗಿ ಅಗೆಯುವವನ ಹೆಸರು. ಇಂದು ಕ್ಲಬ್ಬಿನದೇ ಒಂದು ವಿಶ್ವವಿದ್ಯಾಲಯವಿದೆ, ಫುಟ್‌ಬಾಲ್ ಮತ್ತು ಕ್ರೀಡಾ ವಿಜ್ಞಾನಕ್ಕೆ ಮೀಸಲಾದದ್ದು, 2001ರಲ್ಲಿ ಶುರುವಾದದ್ದು. 2018ರ ವಿಶ್ವಕಪ್‌ನಲ್ಲಿ ಜರ್ಮನಿಯನ್ನು ಸೋಲಿಸಿದ ಗೋಲು ಹೊಡೆದ ಇರ್ವಿಂಗ್ ಲೊಸಾನೊ ಬೆಳೆದದ್ದು ಈ ಕ್ಲಬ್ಬಿನ ತರಬೇತಿಯಲ್ಲೇ.

ಈಗ ನಿಮ್ಮ ತಾತನ ಮಾತಿಗೆ. 1824ರಲ್ಲಿ ರೆಯಾಲ್ ದೆಲ್ ಮೊಂತೆ ಕಂಪನಿ ಕಟ್ಟಿದ ಜಾನ್ ಟೇಲರ್ 1863ರಲ್ಲಿ ತೀರಿಕೊಂಡ. ಅವನ ಮಕ್ಕಳು ಮೊಮ್ಮಕ್ಕಳು ನಡೆಸಿದ ಸಂಸ್ಥೆಯ ಹೆಸರು ಜಾನ್ ಟೇಲರ್ ಅಂಡ್ ಸನ್ಸ್. 1880ರಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ್ದು ಇದೇ ಸಂಸ್ಥೆ. ಪಚೂಕಾದ ಗುಡ್ಡಕ್ಕೆ ಕಾರ್ನಿಷ್ ಕೆಲಸಗಾರರನ್ನು ಕಳಿಸಿದ ಮನೆತನವೇ ಅರವತ್ತು ವರ್ಷದ ಮೇಲೆ ಅದೇ ಕಾರ್ನಿಷ್ ಕೆಲಸಗಾರರನ್ನು ಕೆಜಿಎಫ್‌ಗೂ ಕರೆತಂದಿತು. ರೆಯಾಲ್ ದೆಲ್ ಮೊಂತೆಯನ್ನು 'ಪುಟ್ಟ ಕಾರ್ನ್‌ವಾಲ್' ಎಂದರು, ಕೆಜಿಎಫ್ ಅನ್ನು 'ಪುಟ್ಟ ಇಂಗ್ಲೆಂಡ್' ಎಂದರು. ಆಳದಲ್ಲಿ ದುಡಿದವರು ಅಲ್ಲಿ ಮೆಕ್ಸಿಕೊದವರು, ಇಲ್ಲಿ ತಮಿಳು, ತೆಲುಗು, ಕನ್ನಡದ ಮನೆಗಳವರು. ಮೇಲೆ ಕ್ಲಬ್ ಹೌಸ್, ಗಾಲ್ಫ್, ಕ್ರಿಕೆಟ್; ಬಯಲಿನಲ್ಲಿ ಫುಟ್‌ಬಾಲ್. ಇಲ್ಲೂ ಆ ಆಟ ಗಣಿಯ ಲೈನ್ ಮನೆಗಳ ಹುಡುಗರ ಆಟವಾಯಿತು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದೇ ವರ್ಷ ಪಚೂಕಾದವರು ತಮ್ಮ ಕ್ಲಬ್ಬಿನ ನೂರು ವರ್ಷವನ್ನು ಎಣಿಸುತ್ತಿದ್ದರು. ಅಲ್ಲಿ ಗಣಿಯಿಂದ ಹುಟ್ಟಿದ ಕ್ಲಬ್ಬನ್ನು ಊರು ತನ್ನದೆಂದು ಹಿಡಿದುಕೊಂಡು, ನಿಂತಾಗ ಮತ್ತೆ ಎಬ್ಬಿಸಿತು. ಇಲ್ಲಿ ಹಾಗಾಗಲಿಲ್ಲ ಎಂಬ ನೋವು ನನಗಿದೆ. ಆಡುವವರಿಗೆ ಇಲ್ಲಿ ಕೊರತೆ ಇರಲಿಲ್ಲ.

ಹಾಗಾಗಿ ನಿಮ್ಮ ಮನೆಯ ಫೋಟೋ ಬಗ್ಗೆ ಒಂದು ಕೋರಿಕೆ. ಪಚೂಕಾದ ಮೊದಲ ತಂಡಗಳಲ್ಲಿ ಆಡಿದವರ ಹೆಸರುಗಳು ಇಂದು ಸಿಗುವುದು ಯಾರೋ ಆಗ ಬರೆದಿಟ್ಟಿದ್ದರಿಂದ. ದಾವಿದ್ ಇಸ್ಲಾಸ್ ಎಂಬ ಹೆಸರೂ ಹಾಗೆಯೇ ಉಳಿಯಿತು. ನಿಮ್ಮ ಫೋಟೋದಲ್ಲಿ ನಿಂತವರು, ಕುಳಿತವರು ಯಾರು ಯಾರೆಂದು ಗುರುತಿಸಬಲ್ಲ ಹಿರಿಯರು ಯಾರಾದರೂ ಇನ್ನೂ ಇದ್ದರೆ ಈ ವಾರವೇ ಹೋಗಿ ಕೇಳಿ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಹೆಸರು, ಯಾವ ಗಣಿ, ಯಾವ ಲೈನ್, ಯಾವ ವರ್ಷ ಎಂದು ಬರೆದುಕೊಳ್ಳಿ. ಫೋಟೋದ ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಪೆನ್ನಿನ ಶಾಯಿ ವರ್ಷ ಕಳೆದಂತೆ ಮುಂಬದಿಗೆ ಇಳಿದು ಮುಖಗಳನ್ನು ಕೆಡಿಸುತ್ತದೆ.